ಹೆಸರು ಸುಡುತ್ತಿದ್ದ ಅಕ್ಕ

ಹಚ್ಚೆ ಅಕ್ಕನ ಎಡ ಮುಂಗೈಯ ಒಳಮೈಯಲ್ಲಿ ಒಂದು ತೊಟ್ಟಿಲಿತ್ತು. ಹಳೆಯ ಕಾಲದ, ಸೂಜಿಯಿಂದ ಚುಚ್ಚಿ ಚುಚ್ಚಿ ಬರೆದ ಹಸಿರು ಹಚ್ಚೆ. ತೊಟ್ಟಿಲಿನ ಒಂದು ಬದಿ ಪೂರ್ತಿ ಅಳಿಸಿಹೋಗಿ ಬರೀ ಚರ್ಮ ಉಳಿದಿತ್ತು. ಇನ್ನೊಂದು ಬದಿ ನೆನೆಸಿದ ಅವರೆಕಾಳಿನ ಸಿಪ್ಪೆಯಷ್ಟು ಮಸುಕಾಗಿತ್ತು. ತೂಗುಹಾಕುವ ಹಗ್ಗ ಮಾತ್ರ ಮೊದಲಿನ ಹಾಗೆಯೇ ಕಡು ಹಸಿರು. ಅವರ ಅಂಗಡಿಗೆ ಹಚ್ಚೆ ಅಳಿಸುವ ಹೊಸ ಲೇಸರ್ ಯಂತ್ರ ಬಂದಾಗ, ಹಳೆಯದನ್ನು ರಿಪೇರಿ ಮಾಡಿಸಿ ತಂದಾಗ, ಮೊದಲ ಪರೀಕ್ಷೆ ಆ ತೊಟ್ಟಿಲಿನ ಮೇಲೆಯೇ ನಡೆಯುತ್ತಿತ್ತು. ಯಾರಾದರೂ ಬೆರಗಾಗಿ ನೋಡಿದರೆ ಅಕ್ಕ ಕೈ ಮುಂದೆ ಚಾಚಿ ಹೇಳುತ್ತಿದ್ದರು. "ಮಿಸನ್ ಪರೀಕ್ಸೆ ಮಾಡಕ್ಕೆ ಒಂದ್ ಜಾಗ ಬೇಕಲ್ಲ? ನಮ್ಮತ್ತೆ ಮೊದ್ಲೇ ಒದಗಿಸ್ಕೊಟ್ಟವ್ಳೆ."

ಮದುವೆಯಾಗಿ ಹೋದ ವರ್ಷವೇ ಅತ್ತೆ ಹಚ್ಚೆಯವಳನ್ನು ಕರೆಸಿ ಸೊಸೆಯ ಕೈ ಮೇಲೆ ತೊಟ್ಟಿಲು ಹಾಕಿಸಿದ್ದಳಂತೆ. ತೊಟ್ಟಿಲಿದ್ದರೆ ಮಗು ಬಂದೇ ಬರುತ್ತದೆ ಎಂಬ ನಂಬಿಕೆ. ಮಗು ಬರಲಿಲ್ಲ. ಕೆಲವು ವರ್ಷ ಕಾದು ಅತ್ತೆ ಮಗನಿಗೆ ಇನ್ನೊಂದು ಮದುವೆ ಮಾಡಿಸಿದಳು. ಆ ಮದುವೆಯ ಅಡುಗೆಗೆ ತರಕಾರಿ ಹೆಚ್ಚಿಕೊಟ್ಟವರು ನಮ್ಮ ಅಕ್ಕನೇ. ಹೆಚ್ಚಿ ಮುಗಿಸಿ, ಕೈ ತೊಳೆದುಕೊಂಡು, ಯಾರಿಗೂ ಹೇಳದೆ ಬಸ್ಸು ಹತ್ತಿ ತವರೂರು ಕೋಗಿಲಿಗೆ ಬಂದರಂತೆ. "ಹಗ್ಗ ಯಾಕ ಬಿಟ್ಟೀರಿ ಅಕ್ಕಾರ?" ಎಂದು ನಾನೊಮ್ಮೆ ಕೇಳಿದ್ದೆ. "ಅದೊಂದ್ ಇರ್ಲಿ ಬುಡು. ಎಲ್ಲಾನೂ ಅಳಿಸ್ಬುಟ್ರೆ ಯಾರ್ ಮಾಡಿದ್ದು ಅನ್ನೋದೇ ಮರ್ತೋಯ್ತದೆ" ಎಂದರು. ಮರೆಯುವುದನ್ನು ಅವರು ದೊಡ್ಡ ಗುಣವೆಂದು ಯಾವತ್ತೂ ಎಣಿಸಲಿಲ್ಲ. ನಾನೂ ಎಣಿಸುವುದಿಲ್ಲ.

ಕೋಗಿಲಿನ ಹಳೇ ಒಕ್ಕಲು ಮನೆತನ ಅವರದು. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲ ಬಡಾವಣೆಯಾಗುವಾಗ ತಮ್ಮಂದಿರು, "ಗಂಡನ ಮನೆಗೆ ಕೊಟ್ಟ ಹೆಣ್ಣಿಗೆ ಯಾವ ಪಾಲು" ಎಂದರಂತೆ. ಅಳತೆಯವರು ಸರಪಳಿ ಹಿಡಿದು ಬಂದ ದಿನ ಅಕ್ಕ ಒಂದು ಚಾಪೆ ತಂದು ಹೊಲದ ಮೂಲೆಯಲ್ಲಿ ಹಾಸಿ ಮಲಗಿಬಿಟ್ಟರು. ಬಿಸಿಲೇರಿತು, ಊರೆಲ್ಲ ಸೇರಿತು, ಅಕ್ಕ ಮಗ್ಗುಲು ಬದಲಿಸಿದರೇ ಹೊರತು ಏಳಲಿಲ್ಲ. ಆ ಮೂಲೆಯಲ್ಲೇ ಈಗ ಅವರ ಕಟ್ಟಡ ನಿಂತಿದೆ. ನೆಲಮಹಡಿಯಲ್ಲಿ ಬೇಕರಿ, ಪಕ್ಕದಲ್ಲಿ ಅವರ ಹಚ್ಚೆ ಅಂಗಡಿ. ಮೇಲಿನ ಮಹಡಿಯಲ್ಲಿ ಒಬ್ಬರು ಚರ್ಮದ ಡಾಕ್ಟರು ಬಾಡಿಗೆಗಿದ್ದರು. ಹೆಬ್ಬಾಳದಲ್ಲಿ ಅದೇ ಡಾಕ್ಟರ ಕ್ಲಿನಿಕ್ಕಿಗೆ ಅಕ್ಕ ಮೊದಲು ನೆಲ ಒರೆಸಲು ಸೇರಿದ್ದು, ಆಮೇಲೆ ಲೇಸರ್ ಹಿಡಿಯಲು ಕಲಿತದ್ದು. "ಅವ್ರು ನಂಗೆ ಯಜಮಾನ್ರಾಗಿದ್ರು, ಈಗ ನಾನ್ ಅವ್ರಿಗೆ ಓನರ್ರು" ಎಂದು ಬಂದವರಿಗೆಲ್ಲ ಹೇಳಿ, ಗಲ್ಲದ ಮೇಲೆ ಬೆರಳಿಟ್ಟು ಖುಷಿ ಪಡುತ್ತಿದ್ದರು. ವಿನಯವೆಂಬ ಕಾಯಿಲೆ ಅವರಿಗೆ ಯಾವತ್ತೂ ತಗುಲಲಿಲ್ಲ.

ದಪ್ಪ ಆಳು. ಕಾಟನ್ ಸೀರೆಯ ಮೇಲೆ ನೀಲಿ ಏಪ್ರನ್ನು, ಮೂಗಿನ ಎರಡೂ ಬದಿಗೆ ಮೂಗುತಿ, ತಲೆಯ ಮೇಲೆ ಏರಿಸಿಟ್ಟ ಕಪ್ಪು ಕನ್ನಡಕ. ಬಾಯಲ್ಲಿ ಸದಾ ಒಂದು ಲವಂಗ. ಅವರ ಹತ್ತಿರ ಬರುವವರಲ್ಲಿ ಮುಕ್ಕಾಲು ಪಾಲು ಹಳೆಯ ಹೆಸರು ಹೊತ್ತು ತಿರುಗುವವರು. ಕಾಲೇಜಿನಲ್ಲಿ ಹಾಕಿಸಿಕೊಂಡ ಹುಡುಗಿಯ ಹೆಸರು, ಬಿಟ್ಟುಹೋದ ಹುಡುಗನ ಹೆಸರು, ಕೈಕೊಟ್ಟ ಪಾಲುದಾರನ ಹೆಸರು. ಹಳೆಯದರ ಮೇಲೆ ಹೊಸ ಚಿತ್ರ ಬರೆಸಿ ಮುಚ್ಚಬೇಕಾದರೆ ಮೊದಲು ಹಳೆಯದನ್ನು ಲೇಸರಿನಿಂದ ಮಸುಕು ಮಾಡಿಕೊಳ್ಳಬೇಕು. ಪೂರ್ತಿ ಅಳಿಸಬೇಕಾಗಿಲ್ಲ, ಹೊಸ ಗೆರೆಗೆ ಜಾಗ ಬಿಡುವಷ್ಟು ತೆಳುವಾದರೆ ಸಾಕು. ಲೇಸರ್ ಬಿದ್ದಾಗ ಕಾದ ಎಣ್ಣೆ ಸಿಡಿದ ಹಾಗೆ ಚುರುಕ್ಕೆನ್ನುತ್ತದೆ. ಸುಟ್ಟ ಕೂದಲಿನ ವಾಸನೆ ಬರುತ್ತದೆ. ಹಚ್ಚೆಯ ಗೆರೆ ಒಂದು ಗಳಿಗೆ ಬೆಳ್ಳಗಾಗಿ, ಉಬ್ಬಿ, ಮತ್ತೆ ಇಳಿಯುತ್ತದೆ. ದೊಡ್ಡ ದೊಡ್ಡ ಜಿಮ್ ಹುಡುಗರೂ ಅಲ್ಲಿ ಅವ್ವನನ್ನು ಕರೆದದ್ದುಂಟು.

ಆ ನೋವಿಗೆ ಅಕ್ಕ ಒಂದು ಮದ್ದು ಇಟ್ಟುಕೊಂಡಿದ್ದರು. ಯಂತ್ರ ಹಿಡಿಯುವ ಮೊದಲು, "ಯಾರ್ ಎಸ್ರು ಇದು? ಏನ್ ಮಾಡ್ದ?" ಎಂದು ಕೇಳುತ್ತಿದ್ದರು. ಕತೆ ಕೇಳಿಸಿಕೊಂಡು, "ಸರಿ, ನಾನ್ ಒಂದೊಂದ್ ಏಟ್ ಒಡೀತೀನಿ. ನೀನ್ ಒಂದೊಂದ್ ಬೈಗುಳ ಬಯ್ಯಿ. ಸುಮ್ನೆ ಬಾಯ್ ಮುಚ್ಕಂಡು ಕೂತ್ರೆ ನೋವೆಲ್ಲ ನಿಂಗೇ" ಎನ್ನುತ್ತಿದ್ದರು. ಅಂಗಡಿಯ ಹಿಂದಿನ ಕೋಣೆಯಿಂದ ಅಂಥಾ ಮಾತುಗಳು ಕೇಳಿಬರುತ್ತಿದ್ದವೆಂದರೆ, ಬೇಕರಿಗೆ ಪಫ್ ತಿನ್ನಲು ಬಂದವರು ಅರ್ಧಕ್ಕೇ ಎದ್ದುಹೋಗುತ್ತಿದ್ದರು. ಬೇಕರಿಯವನು ದೂರಿದ. ಅಕ್ಕ ರೇಡಿಯೋ ತಂದಿಟ್ಟರು. ಬೈಗುಳ ಮಾತ್ರ ನಿಲ್ಲಿಸಲಿಲ್ಲ.

ನಾನು ಅವರ ಹತ್ತಿರ ಹೋದದ್ದು ನನ್ನ ಬಲ ಮುಂಗೈಯ ಮೇಲಿದ್ದ ನಾಲ್ಕು ಅಕ್ಷರಗಳನ್ನು ಮುಚ್ಚಿಸಲು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕೈ ಮೇಲಿನದನ್ನೇ ಸುಡಿಸಿದವಳು ಕಾಗದದ ಮೇಲೆ ಮತ್ತೆ ಏಕೆ ಬರೆಯಲಿ? ನಾನು ಬಾಗಲಕೋಟೆ ಕಡೆಯವಳು. ಯಲಹಂಕದ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ. ಮದುವೆಯಾದ ಹೊಸದರಲ್ಲಿ ಅವನು ನನ್ನನ್ನು ಒಂದು ಮಾಲಿಗೆ ಕರೆದುಕೊಂಡು ಹೋಗಿ, "ಪ್ರೀತಿ ಇದ್ರ ಹಾಕಿಸ್ಕೋ" ಎಂದು ತನ್ನ ಹೆಸರು ಬರೆಸಿದ. ತಾನೂ ನನ್ನ ಹೆಸರು ಬರೆಸಿಕೊಂಡ. ನನ್ನದು ಬಸ್ಸಿನ ಕಂಬಿ ಹಿಡಿದರೂ ಲೋಕಕ್ಕೆಲ್ಲ ಕಾಣುವ ಕಡೆ. ಅವನದು ಎದೆಯ ಮೇಲೆ, ಬನಿಯನ್ನಿನ ಒಳಗೆ, ಸಣ್ಣದಾಗಿ. ನನಗೆ ಆಗಲೇ ತಿಳಿಯಬೇಕಿತ್ತು.

ಅವನು ಕೈ ಮಾಡುತ್ತಿದ್ದ. ಹೊಡೆಯುವ ಮುಂಚೆ ನನ್ನ ಬಲಗೈ ಹಿಡಿದು, ಸರಿಯಾಗಿ ತನ್ನ ಹೆಸರಿನ ಮೇಲೆ ಹೆಬ್ಬೆರಳಿಟ್ಟು ಒತ್ತುತ್ತಿದ್ದ. ಬಿಟ್ಟು ಬಂದೆ, ಕೋರ್ಟಿಗೆ ಹೋದೆ, ಬಿಡುಗಡೆಯೂ ಸಿಕ್ಕಿತು. ಅವತ್ತು ಕೋರ್ಟಿನ ಮೊಗಸಾಲೆಯಲ್ಲಿ ಅವನು ತನ್ನ ಕಡೆಯವರೆದುರು ನನ್ನ ಕೈ ಎಳೆದು ಮೇಲೆತ್ತಿ ತೋರಿಸಿ, "ಬಿಟ್ ಹೋಗ್ಲಿ ಬಿಡ್ರಿ. ಎಲ್ಲಿ ಹೋದ್ರೂ ಈಕಿ ಮ್ಯಾಲೆ ನನ್ನ ಸಿಕ್ಕಾ ಐತಿ" ಎಂದ. ದನಕ್ಕೆ ಹಾಕುವ ಮುದ್ರೆಯ ಮಾತು ಅದು. ಅವನ ಅಣ್ಣ ನಕ್ಕ, ಮಾವ ನಕ್ಕ, ಅವರ ವಕೀಲನೂ ನಕ್ಕ. ಆ ನಗು ನನ್ನ ಕಿವಿಯಲ್ಲಿ ಬಹಳ ದಿನ ಇತ್ತು.

ನನ್ನವ್ವ ಬೇರೆ ಸಮಾಧಾನ ಹೇಳಲು ಹೋಗಿ ಉರಿಯುವ ಬೆಂಕಿಗೆ ಎಣ್ಣೆ ಸುರಿದಳು. "ಹಚ್ಚಿ ಬೊಟ್ಟು ಒಂದ ನೋಡವ್ವ ಸತ್ತ ಮ್ಯಾಲೂ ಸಂಗಾಟ ಬರೂದು. ಬಂಗಾರ ಬರಂಗಿಲ್ಲ, ಮಕ್ಕಳು ಬರಂಗಿಲ್ಲ" ಎಂದಳು. ಅಂದರೆ ಸತ್ತ ಮೇಲೂ ನಾನು ಈ ಬಾಡ್ಯಾನ ಹೆಸರು ಹೊತ್ತುಕೊಂಡೇ ಯಮನ ಮುಂದೆ ನಿಲ್ಲಬೇಕು! ಅವತ್ತೇ ಸ್ನಾನದ ಮನೆಯಲ್ಲಿ ಕೂತು, ಹಿಮ್ಮಡಿ ತಿಕ್ಕುವ ಕಲ್ಲಿನಿಂದ ಉಪ್ಪು ಹಾಕಿ ತಿಕ್ಕಿದೆ. ರಕ್ತ ಬಂತು, ಚರ್ಮ ಕಿತ್ತುಬಂತು, ಹೆಸರು ಹಾಗೇ ಉಳಿಯಿತು.

ಆ ಗಾಯ ಮಾಗಿದ ಮೇಲೆ ಅಕ್ಕನ ಅಂಗಡಿಗೆ ಹೋಗಿ ಕೈ ಚಾಚಿ, "ಇವತ್ತ ಮುಚ್ಚಿಬಿಡ್ರಿ ಅಕ್ಕಾರ. ಕರ್ರಗ ಬಳದಬಿಡ್ರಿ" ಎಂದೆ. ಅಕ್ಕ ಕಪ್ಪು ಕನ್ನಡಕ ತಲೆಗೇರಿಸಿ, ಕೈಯನ್ನು ಬೆಳಕಿಗೆ ತಿರುಗಿಸಿ ನೋಡಿದರು. ತಿಕ್ಕಿದ ಕಲೆಯ ಮೇಲೆ ಬೆರಳಾಡಿಸಿ ಬೈದರು. "ಸಿಟ್ಟಲ್ಲಿ ಕುಯ್ಕಂಡ ಮೂಗು ಸಾಂತಿ ಬಂದ್ಮೇಲೆ ಬತ್ತದೇನೆ? ತಪ್ ಮಾಡ್ದೋನು ಅವ್ನು, ಚರ್ಮ ಕಿತ್ಕಂಡೋಳು ನೀನು. ಯಾವೂರ್ ನ್ಯಾಯ ಇದು?" ಆಮೇಲೆ ಮೆತ್ತಗೆ, "ಕರಿ ಮೇಲೆ ಕರಿ ಬಳುದ್ರೆ ಒಳ್ಗೆ ಅವ್ನೇ ಇರ್ತಾನೆ. ಬಿಸ್ಲಲ್ಲಿ ನೋಡುದ್ರೆ ಉಬ್ಬು ಕಾಣ್ತದೆ. ಮೊದ್ಲು ಅವ್ನ್ನ ತೆಳ್ಳಗೆ ಮಾಡಣ. ಕಾಯಬೇಕು. ಕಾಯ್ತೀಯಾ?" ಎಂದರು.

ನಾನು ಕಾಯುತ್ತೇನೆ ಎಂದೆ. ಎಷ್ಟು ಎಂದು ಕೇಳಲಿಲ್ಲ.

ಒಂದು ಸಲ ಲೇಸರ್ ಹೊಡೆದರೆ ಮತ್ತೆ ಹೊಡೆಯಲು ಒಂದೂವರೆ ಎರಡು ತಿಂಗಳು ಬಿಡಬೇಕು. ಯಂತ್ರ ಬಣ್ಣವನ್ನು ಒಡೆಯುತ್ತದೆ ಅಷ್ಟೇ, ಒಡೆದ ಪುಡಿಯನ್ನು ಸಾಗಿಸುವುದು ನಮ್ಮ ಮೈಯೇ. ಅದಕ್ಕೆ ಸಮಯ ಬೇಕು. ಬಿಸಿಲು ತಾಕಬಾರದು, ಕೆರೆಯಬಾರದು, ಹೊಪ್ಪಳೆ ಕೀಳಬಾರದು. ನಾನು ಕಾಲೇಜಿಗೆ ಉದ್ದ ತೋಳಿನ ಕುಪ್ಪಸ ತೊಟ್ಟು ಹೋಗುತ್ತಿದ್ದೆ. ಅವಧಿಗೆ ಮುಂಚೆ ಹೋಗಿ ಹೊಡೆಯಿರಿ ಎಂದು ಪೀಡಿಸಿದರೆ ಅಕ್ಕ ಕೈಗೆ ಮಜ್ಜಿಗೆ ಲೋಟ ಕೊಟ್ಟು ಕೂರಿಸುತ್ತಿದ್ದರು. "ಸೇಡು ಅಂದ್ರೆ ಮುದ್ದೆ ಇದ್ದಂಗೆ ಕಣೆ. ಅರ್ಧ ಬೆಂದಿದ್ ತಿಂದ್ರೆ ಒಟ್ಟೆ ನೋವು ತಿಂದೋರ್ಗೇ" ಎನ್ನುತ್ತಿದ್ದರು. ಲೇಸರ್ ದಿನಗಳಲ್ಲಿ ನನ್ನ ಬೈಗುಳಗಳನ್ನು ಅವರು ಸಂಗೀತ ಕೇಳಿದಂತೆ ಕೇಳುತ್ತಿದ್ದರು. "ಅವನ ಬಾಯಾಗ ಮಣ್ಣ ಬೀಳ್ಲಿ" ಎಂದರೆ ಒಂದು ಏಟು. "ಉಂಡದ್ದು ಮೈಗೆ ಹತ್ತದಂಗಾಗ್ಲಿ" ಎಂದರೆ ಇನ್ನೊಂದು. "ನಾವು ಎಕ್ಕುಟ್ಟೋಗ ಅಂತ ಒಂದೇ ಮಾತ್ನಲ್ಲಿ ಮುಗಿಸ್ಬುಡ್ತೀವಿ. ನಿಮ್ ಕಡೆಯೋರು ಬುಡಿಸ್ ಬುಡಿಸಿ ಬಯ್ತೀರಿ. ಚೆಂದಾಗೈತೆ, ಇನ್ನೊಂದ್ ಏಳು" ಎಂದು ಲವಂಗ ಜಗಿಯುತ್ತಾ ನಗುತ್ತಿದ್ದರು. ನಾನೂ ನೋವಿನಲ್ಲಿ ನಗುತ್ತಿದ್ದೆ. ಬಿಟ್ಟು ಬಂದ ಮೇಲೆ ನಾನು ಮೊದಲು ನಕ್ಕದ್ದು ಆ ಕುರ್ಚಿಯ ಮೇಲೆ.

ಆ ಕುರ್ಚಿಯಲ್ಲಿ ನಾನು ಕೆಲವು ಸಲ ಕೂತಾಗಿತ್ತು. ನಾಲ್ಕು ಅಕ್ಷರಗಳಲ್ಲಿ ಎರಡು ಹೊಗೆಯ ಬಣ್ಣಕ್ಕೆ ಬಂದಿದ್ದವು. ಅವತ್ತು ಒಳಕೋಣೆಯಲ್ಲಿ ಕೈಮೇಲೆ ಐಸಿನ ಚೀಲ ಇಟ್ಟುಕೊಂಡು ಕೂತಿದ್ದೆ. ಮುಂದಿನ ಕೋಣೆಗೆ ಯಾರೋ ಬಂದರು. ನಡುವೆ ಬರೀ ಒಂದು ಪರದೆ.

"ಮೇಡಂ, ಒಂದು ಹೆಸರು ತೆಗಿಬೇಕಿತ್ತು. ಸ್ವಲ್ಪ ಅರ್ಜೆಂಟು."

ಆ ದನಿ ನನಗೆ ಗೊತ್ತಿರದೆ ಇನ್ನಾರಿಗೆ ಗೊತ್ತಿರಬೇಕು? ಐಸು ಇದ್ದ ಕೈ ಬಿಟ್ಟು ಉಳಿದ ಮೈಯೆಲ್ಲ ತಣ್ಣಗಾಯಿತು. ಪರದೆಯ ಸಂದಿನಿಂದ ನೋಡಿದೆ. ಅವನೇ. ಅಂಗಿಯ ಗುಂಡಿ ಬಿಚ್ಚಿ ಎದೆ ತೋರಿಸುತ್ತಿದ್ದ. ಅಕ್ಕ ಬಗ್ಗಿ ನೋಡಿ, "ಎಸ್ರೇ ಸರಿಯಾಗ್ ಕಾಣಾಕಿಲ್ವಲ್ಲಪ್ಪ?" ಎಂದರು. ಅವನು ಹೆಮ್ಮೆಯಿಂದ ಹೇಳಿದ. ಹೋದ ವರ್ಷವೇ ಯಾರೋ ಹಚ್ಚೆಯವನ ಹತ್ತಿರ ಒಂದೊಂದು ಅಕ್ಷರದ ಮೇಲೂ ಚರ್ಮದ ಬಣ್ಣದ ಮಸಿಯಿಂದ ದಪ್ಪಗೆ ತಿದ್ದಿಸಿದ್ದನಂತೆ. ದೂರದಿಂದ ಕಾಣುವುದಿಲ್ಲ. ಆದರೆ ಹತ್ತಿರ ಬಂದರೆ ತಿಳಿಯುತ್ತದೆ. "ಮದುವಿ ಐತ್ರಿ. ಅರಿಶಿಣ ಹಚ್ಚೋ ಶಾಸ್ತ್ರಕ್ಕ ಎಲ್ಲಾರ ಮುಂದ ಬರೀ ಮೈಲೆ ಕೂಡ್ಸ್ತಾರಂತ. ಅವರಿಗೆ ಇದು ಗೊತ್ತಿಲ್ಲ."

"ಏನ್ ಗೊತ್ತಿಲ್ಲ?"

"ಮೊದ್ಲು ಒಂದು ಆಗಿತ್ತು ಅಂತ."

"ಓ. ಯಾವೂರ್ ಎಣ್ಣು?"

ಮಾಕಳಿಯ ಹುಡುಗಿ ಎಂದ. ತನ್ನ ಫ್ಯಾಕ್ಟರಿಯಲ್ಲೇ ಕೆಲಸ ಮಾಡುತ್ತಾಳೆ, ಅಪ್ಪ ಮನೆ ಕಟ್ಟಿಸಿ ಮಾರುವವರು ಎಂದು ಮನೆಯ ಗುರುತನ್ನೂ ಹೇಳಿದ. ಅಕ್ಕ ಒಂದು ನಿಮಿಷ ಬರುತ್ತೇನೆ ಎಂದು ಪರದೆ ಸರಿಸಿ ಒಳಗೆ ಬಂದರು. ನನ್ನ ಮುಖ ನೋಡಿದರು. ಅವನ ಎದೆಯ ಮೇಲೆ ಕಷ್ಟಪಟ್ಟು ಓದಿದ್ದು ನನ್ನ ಹೆಸರು ಎಂದು ಅವರಿಗೆ ಹೊಳೆದಿತ್ತು.

"ಅವ್ನೇನಾ?" ಎಂದು ತುಟಿಯಲ್ಲೇ ಕೇಳಿದರು.

ನಾನು ಅವರ ಸೆರಗು ಹಿಡಿದುಕೊಂಡೆ. "ಸುಡ್ರಿ ಅಕ್ಕಾರ. ಕಾಲ ಬೀಳ್ತೀನಿ. ಜೋರ ಇಟ್ಟು ಎಲುವು ಮುಟ್ಟಂಗ ಸುಡ್ರಿ" ಎಂದು ಪಿಸುಗುಟ್ಟಿದೆ. ಸತ್ಯವಾಗಿ ಹೇಳುತ್ತೇನೆ, ಆ ಹೊತ್ತಿನಲ್ಲಿ ಯಂತ್ರ ನನ್ನ ಕೈಗೆ ಸಿಕ್ಕಿದ್ದರೆ ನಾನೇ ಸುಡುತ್ತಿದ್ದೆ. ಅಕ್ಕ ಸೆರಗು ಬಿಡಿಸಿಕೊಂಡು, "ನನ್ ಮಿಸನ್ನು ನನ್ ಮಾತ್ ಕೇಳ್ತದೆ ಕಣೆ. ನಿನ್ ಸಿಟ್ಟಿನ ಮಾತಲ್ಲ. ಸುಮ್ಕೆ ಕೂತ್ಕಂಡು ಕಿವಿಗೊಟ್ಟು ಕೇಳ್ಸ್ಕೋ" ಎಂದು ಹೊರಗೆ ಹೋದರು.

ಅವನಿಗೆ ಅವರು ಹೇಳಿದ್ದು ಅಕ್ಷರಶಃ ಸತ್ಯ. ಚರ್ಮದ ಬಣ್ಣದ ಆ ಮಸಿಯ ಮೇಲೆ ಲೇಸರ್ ಬಿದ್ದರೆ ಅದು ಅಳಿಸುವುದಿಲ್ಲ, ಆ ಗಳಿಗೆಯಲ್ಲೇ ಕಪ್ಪಾಗುತ್ತದೆ. ಮೊದಲು ಸಾಸಿವೆ ಕಾಳಿನಷ್ಟು ಜಾಗದಲ್ಲಿ ಪರೀಕ್ಷೆ ಮಾಡಬೇಕು. ಕಪ್ಪಾದರೆ ಅದನ್ನು ಮತ್ತೆ ತೆಳುವಾಗಿಸಲು ವರ್ಷ ಹಿಡಿಯುತ್ತದೆ. ಮದುವೆಗೆ ಮುಂಚೆ ಆಗುವ ಮಾತಲ್ಲ. "ಮುಟ್ಬೇಡ. ಇಂಗೇ ಬುಟ್ಬುಡು" ಎಂದರು. ಅವನು ನಕ್ಕ. ಅಕ್ಕ ಇನ್ನೊಮ್ಮೆ ಹೇಳಿದರು. ಅವನು ಗುಂಡಿ ಹಾಕಿಕೊಳ್ಳುತ್ತಾ, "ಯಶವಂತಪುರದಾಗ ಪಾರ್ಲರಿನವರು ಒಂದೇ ದಿನಕ್ಕ ತೆಗಿತೀವಿ ಅಂದಾರ್ರಿ. ನಿಮಗ ಬರಂಗಿಲ್ಲ ಅಂದ್ರ ಬರಂಗಿಲ್ಲ ಅನ್ರಿ. ಹಳ್ಳಿ ಹೆಣ್ಮಕ್ಕಳಿಗೆ ಮಿಶಿನ್ ಕೊಟ್ರ ಇಷ್ಟ" ಎಂದ. ಅಕ್ಕ ಬಾಗಿಲ ತನಕ ಹೋಗಿ, ಬೀದಿಗೆಲ್ಲ ಕೇಳುವ ಹಾಗೆ ಮೂರನೆಯ ಸಲ ಕೂಗಿ ಹೇಳಿದರು. "ಲೇಸರ್ ಒಡ್ಸ್ಬೇಡ ಕಣಪ್ಪೋ, ಕರ್ರಗಾಯ್ತದೆ!" ಬೈಕು ಹೋಯಿತು.

ಅವರು ಒಳಗೆ ಬಂದು ನನ್ನ ಎದುರು ಕೂತರು. ಮುಖದಲ್ಲಿ ಅಂಥಾ ಕಳೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ. "ಮೂರ್ ಸಲ ಏಳಿವ್ನಿ. ನೀನೇ ಸಾಕ್ಸಿ, ಬೀದಿನೂ ಸಾಕ್ಸಿ. ಇನ್ ಅವ್ನ್ ಓಗಿ ಸುಟ್ಕಂಡ್ರೆ ಪಾಪ ಅವ್ನ್ದು, ಸಂತೋಸ ನಮ್ದು."

ಆದರೆ ಆ ಹುಡುಗಿಯ ವಿಷಯ ಇತ್ತಲ್ಲ. ಮಾಕಳಿ ಅಕ್ಕನ ಚಿಕ್ಕಮ್ಮನ ಊರು. ಆ ಮನೆ ಅವರಿಗೆ ಬಳಗವೇ. ಮರುದಿನವೇ ಹೋಗಿ, ಹುಡುಗನಿಗೆ ಮೊದಲೇ ಒಂದು ಮದುವೆಯಾಗಿತ್ತು ಎಂದು ಹುಡುಗಿಯ ಅಪ್ಪನಿಗೆ ಹೇಳಿದರು. ಅಪ್ಪ ಅವನನ್ನು ಕರೆಸಿ ಕೇಳಿದರೆ, ಅವನು ಅವರ ಮನೆದೇವರ ಫೋಟೋ ಮುಟ್ಟಿ, ತನಗೆ ಮದುವೆಯೇ ಆಗಿಲ್ಲ, ಯಾರೋ ಹೊಟ್ಟೆಕಿಚ್ಚಿನವರು ಹೇಳಿದ್ದಾರೆ ಎಂದು ಆಣೆ ಮಾಡಿದನಂತೆ. ಅವನ ತಾಯಿಯೂ ಪಕ್ಕದಲ್ಲೇ ನಿಂತು ಹೌದೆಂದಳಂತೆ. ಅಪ್ಪ ಆಣೆ ನಂಬಿದ. "ಗಂಡನ ಬಿಟ್ಟು ಬಂದೋಳು ನೀನು, ಬೇರೆಯೋರ್ ಮದ್ವೆ ಕಂಡ್ರೆ ನಿಂಗ್ಯಾಕೆ ಸಂಕ್ಟ" ಎಂದು ಅಕ್ಕನಿಗೇ ತಿರುಗಿಸಿ ಅಂದ. ಅಕ್ಕ ಅದನ್ನು ನನಗೆ ಹೇಳುವಾಗ ನಗಲಿಲ್ಲ. ನನ್ನ ಕೋರ್ಟಿನ ಕಾಗದ ಕೊಡುತ್ತೇನೆ ಎಂದೆ. "ಬಾಯಲ್ಲಿ ಏಳಿದ್ದ ಬಾಯಲ್ಲೇ ಮುಚ್ಚಾಕ್ತಾರೆ, ಕಾಗ್ದಾನ ಕಾಗ್ದದಲ್ಲೇ ಮುಚ್ಚಾಕ್ತಾರೆ. ಕಣ್ಣಲ್ಲೇ ನೋಡ್ಲಿ. ಮದ್ವೆಗೆ ಕರ್ದವ್ರೆ, ಓಗ್ತೀನಿ" ಎಂದರು.

ಮುಂದಿನದನ್ನು ನಾನು ನೋಡಲಿಲ್ಲ. ಅಕ್ಕ ಮರುದಿನ ರೇಷ್ಮೆ ಸೀರೆಯಲ್ಲೇ ಅಂಗಡಿಗೆ ಬಂದು, ಬಾಗಿಲು ಹಾಕಿಸಿ, ಕುರ್ಚಿಯ ಮೇಲೆ ಕಾಲು ಮಡಿಸಿ ಕೂತು ಹೇಳಿದ್ದು. ಎಷ್ಟು ಸಲ ಹೇಳಿಸಿಕೊಂಡಿದ್ದೇನೆಂದರೆ ಈಗ ನಾನೇ ನೋಡಿದ ಹಾಗಿದೆ.

ಛತ್ರದಲ್ಲಿ ಅವನನ್ನು ಮಣೆಯ ಮೇಲೆ ಕೂರಿಸಿದ್ದರು, ಬನಿಯನ್ ಹಾಕಿಕೊಂಡೇ ಕೂತಿದ್ದ. ಹೆಣ್ಣಿನ ಕಡೆಯ ಮುತ್ತೈದೆಯರು ಸಾಲಾಗಿ ಬಂದು ಕೆನ್ನೆಗೆ, ಕೈಗೆ ಅರಿಶಿನ ಹಚ್ಚುತ್ತಿದ್ದರು. ಅಕ್ಕನೂ ಸಾಲಿನಲ್ಲಿ ನಿಂತರು. ಯಾರೋ ಹೆಂಗಸು, "ನೀನ್ಯಾಕೆ ಬಂದೆ, ಇದು ಮುತ್ತೈದೇರ್ ಶಾಸ್ತ್ರ" ಎಂದಳಂತೆ.

"ನಮ್ಮೆಜಮಾನ ಇನ್ನೊಬ್ಳ ಮನೇಲಿ ಗುಂಡ್‌ಕಲ್ ಇದ್ದಂಗವ್ನೆ. ನಾನೂ ಮುತ್ತೈದೇನೇ, ಜರುಗು ಅಂದೆ" ಎಂದು ಅಕ್ಕ ಹೇಳಿದರು. "ಅವ್ನು ನನ್ ಮುಖ ನೋಡ್ದ ಕಣೆ. ಇಂಗು ತಿಂದ ಮಂಗ ಆಗೋದ. ನಾನು, ಅರ್ಸಿನ ಮೈಗ್ ಅಚ್ಚೋದೋ ಬನೀನ್‌ಗ್ ಅಚ್ಚೋದೋ, ತೆಗ್ಸ್ರಪ್ಪ ಅದ್ನ ಅಂದೆ. ಉಡ್ಗುರೆಲ್ಲ ಓ ಅಂತ ಎಳ್ದು ತೆಗ್ದೇ ಬುಟ್ರು. ಎದೆ ಮೇಲೆ ಏನೂ ಇಲ್ಲ! ಮದುವಣಗಿತ್ತಿಗೆ ಬಂದಿದ್ದ ಮೇಕಪ್‌ನೋಳ ಕೈಲಿ ದಪ್ಪಕ್ಕೆ ಬಳಿಸ್ಕಂಡವ್ನೆ. ನಾನ್ ಏನ್ ಮಾಡ್ದೆ ಗೊತ್ತಾ? ಅರ್ಸಿನದ ಬಟ್ಲಿಗೆ ಅರಳೆಣ್ಣೆ ಉಯ್ಕಂಡೆ. ಎಣ್ಣೆ ಬಿದ್ರೆ ಯಾವ್ ಬಣ್ಣ ನಿಂತಾತು? ಚೆಂದಾಗಿ ಬಾಳಪ್ಪಾ, ನೂರ್ ಕಾಲ ಬಾಳಪ್ಪಾ ಅಂತ ಎರಡೂ ಕೈಯಲ್ಲಿ ಎದೆ ತಿಕ್ಕಿದೆ."

ಹರಳೆಣ್ಣೆಯಲ್ಲಿ ಬಣ್ಣ ಇಳಿಯಿತು. ಅರಿಶಿನದ ಹಳದಿಯ ನಡುವೆ ನನ್ನ ಹೆಸರು ಎದ್ದು ನಿಂತಿತು. ಮೊದಲಿದ್ದ ಸಣ್ಣ ಅಕ್ಷರ ಅಲ್ಲ. ಪಾರ್ಲರಿನವರ ಲೇಸರು ಆ ಚರ್ಮದ ಬಣ್ಣದ ತಿದ್ದುಗೆರೆಗಳನ್ನೆಲ್ಲ ಇದ್ದಲಿನಷ್ಟು ಕಪ್ಪು ಮಾಡಿ, ದಪ್ಪ ಮಾಡಿ, ಛತ್ರದ ಕೊನೆಯ ಸಾಲಿನವರೂ ಓದುವ ಹಾಗೆ ಬರೆದಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರಲ್ಲ, ಅದಕ್ಕೆ ಇಷ್ಟು ದೊಡ್ಡ ಬೋರ್ಡು ಇನ್ನೆಲ್ಲೂ ಸಿಗಲಾರದು.

ಹುಡುಗಿಯ ಅಪ್ಪ, "ಯಾರ್ ಹೆಸ್ರಿದು?" ಎಂದ. ಅವನು, "ತಂಗಿ ಹೆಸರ್ರಿ" ಎಂದ.

"ತಂಗಿ ಎಸ್ರ ಎದೆ ಮೇಲೆ ಬರ್ಸ್ಕಂಡು ಅದ್ನ ಅಳ್ಸಕ್ಕೆ ಯಾವನಪ್ಪಾ ನನ್ ಅಂಗಡಿಗೆ ಬತ್ತಾನೆ?" ಎಂದು ಅಕ್ಕ.

ಅಷ್ಟರಲ್ಲಿ ಗದ್ದಲ ಕೇಳಿ ಮದುಮಗಳು ಕೋಣೆಯಿಂದ ಹೊರಗೆ ಬಂದಿದ್ದಳು. ಅವಳು ಅವನನ್ನು ಏನೂ ಕೇಳಲಿಲ್ಲ. ಅವನ ತಾಯಿಯ ಮುಂದೆ ಹೋಗಿ ನಿಂತು, "ಅತ್ತೆ, ನಿಮಗೆ ಈ ಹೆಸರಿನ ಮಗಳಿದ್ದಾಳಾ?" ಎಂದಳಂತೆ. ದೇವರ ಫೋಟೋದ ಮುಂದೆ ಸುಳ್ಳು ಹೇಳಿದ ಆ ಮುದುಕಿ ಮದುವಣಗಿತ್ತಿಯ ಮುಂದೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮದುವೆ ಅಲ್ಲಿಗೆ ನಿಂತಿತು. ಅವನನ್ನು ಅರಿಶಿನದ ಮೈಯಲ್ಲೇ ಹೊರಗೆ ಹಾಕಿದರು. ಅಂಗಿ ಹಾಕಿಕೊಳ್ಳಲು ಬಿಟ್ಟರೋ ಇಲ್ಲವೋ ಎಂದು ನಾನು ಕೇಳಿದೆ. ಅಕ್ಕ ಯೋಚಿಸಿ, "ಬಿಡ್ಲಿಲ್ಲ ಅಂತ್ಲೇ ಇಟ್ಕೋ" ಎಂದರು.

ಮಾಡಿದ್ದುಣ್ಣೋ ಮಹಾರಾಯ. ಇದನ್ನು ಕೇಳಿದ ನನ್ನ ಆಫೀಸಿನ ಗೆಳತಿಯೊಬ್ಬಳು, "ಪಾಪ, ಇಷ್ಟೆಲ್ಲ ಬೇಕಿತ್ತಾ, ಕ್ಷಮಿಸಿ ಮುಂದೆ ಹೋಗ್ಬೇಕು ಕಣೆ" ಎಂದಳು. ಅಕ್ಕನ ಮುಂದೆ ಈ ಮಾತು ಎತ್ತಿದಾಗ ಅವರು ಲವಂಗ ಉಗಿದು ಹೇಳಿದರು. "ಕೇಳಕ್ ಬಂದೋರ್ಗೆ ಕ್ಷಮೆ. ಕೇಳ್ದೇ ಇರೋರ್ಗೆ ಓಗಿ ಕೊಟ್ರೆ ಅದನ್ನ ಎದ್ರಿಕೆ ಅಂತಾರೆ." ಇವತ್ತಿಗೂ ನನಗೆ ಆ ಛತ್ರ ನೆನೆದರೆ ಊಟ ಒಂದು ತುತ್ತು ಹೆಚ್ಚು ಸೇರುತ್ತದೆ. ಇದನ್ನು ಬಚ್ಚಿಡುವುದಿಲ್ಲ.

ನನ್ನ ಕೈಯ ಮೇಲೆ ಕೊನೆಗೆ ಅಕ್ಕ ಚೇಳು ಬರೆದರು. ಚೇಳು ನಮ್ಮ ಕಡೆ ಅಜ್ಜಿಯರ ಹಚ್ಚೆಯಲ್ಲೂ ಇರುತ್ತಿತ್ತು. ಉಳಿದಿದ್ದ ಬೂದು ನೆರಳನ್ನು ಅದರ ಬೆನ್ನಿನ ಗಂಟುಗಳೊಳಗೆ ಒಂದೊಂದಾಗಿ ನುಂಗಿಸಿದರು. ಬಿಸಿಲಲ್ಲಿ ಹಿಡಿದು ನೋಡಿದೆ, ಓರೆಯಾಗಿ ನೋಡಿದೆ, ಬೆರಳಾಡಿಸಿ ನೋಡಿದೆ. ಅವನು ಎಲ್ಲಿಯೂ ಇರಲಿಲ್ಲ. ಅವ್ವನಿಗೆ ವಿಡಿಯೋ ಕಾಲಿನಲ್ಲಿ ತೋರಿಸಿದಾಗ ಅವಳು, "ಇದು ಬೇಕಾರ ಸಂಗಾಟ ಬರ್ಲಿ ತಗೋ" ಎಂದಳು. ಅಕ್ಕ ಅದನ್ನು ಕೇಳಿ ಹೊಟ್ಟೆ ಹಿಡಿದು ನಕ್ಕರು.

ಹೋದ ವರ್ಷ ಒಂದು ಮಧ್ಯಾಹ್ನ, ಊಟ ಮಾಡಿ ಆ ಕುರ್ಚಿಯ ಮೇಲೆ ಒರಗಿದ್ದ ಅಕ್ಕ ಏಳಲಿಲ್ಲ. ಮೇಲಿನ ಡಾಕ್ಟರು ಓಡಿ ಬರುವಷ್ಟರಲ್ಲಿ ಮುಗಿದಿತ್ತು. ನನಗೆ ಫೋನು ಬಂದಾಗ ಕಾಲೇಜಿನಲ್ಲಿ ಫೀಸಿನ ಸಾಲು ನಿಂತಿತ್ತು, ಹಾಗೇ ಬಿಟ್ಟು ಓಡಿದೆ. ದಾರಿಯುದ್ದಕ್ಕೂ ಅತ್ತೆ. ಅವ್ವನಿಗೂ ನಾನು ಅಷ್ಟು ಅಳುತ್ತೇನೋ ಇಲ್ಲವೋ.

ಕೋಗಿಲಿನ ತವರುಮನೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಹೆಂಗಸರು ಅಕ್ಕನಿಗೆ ನೀರು ಹಾಕಿ, ಹೊಸ ಸೀರೆ ಉಡಿಸಿ, ಹೂ ಮುಡಿಸಿ ಮಲಗಿಸಿದ್ದರು. ತಲೆಯ ಹತ್ತಿರ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಬಿಳಿ ಅಂಗಿಯ ಒಬ್ಬ ಮುದುಕ ಕೂತಿದ್ದ. ಬಂದವರೆಲ್ಲ ಅವನ ಕೈ ಮುಟ್ಟಿ ಸಮಾಧಾನ ಹೇಳುತ್ತಿದ್ದರು, ಅವನು ತಲೆ ಆಡಿಸುತ್ತಿದ್ದ. ಯಾರು ಎಂದು ಅಕ್ಕನ ತಮ್ಮನ ಹೆಂಡತಿಯನ್ನು ಕೇಳಿದೆ. "ಗಂಡ. ಊರಿಂದ ಕರೆಸಿದ್ರು. ಮುತ್ತೈದೆ ಸಾವು ನೋಡು, ಬೆಂಕಿ ಅವ್ನೇ ಇಡ್ಬೇಕಂತೆ" ಎಂದು ನೆಲ ನೋಡುತ್ತಾ ಹೇಳಿದಳು.

ನನ್ನ ಅಳು ನಿಂತುಹೋಯಿತು. ಎದ್ದು ಅವನ ಮುಂದೆ ಹೋಗಿ ನಿಂತೆ.

"ಅಜ್ಜಾರ, ಏಳ್ರಿ."

"ಯಾಕಮ್ಮ? ಯಾರ್ ನೀನು?"

"ನಾ ಯಾರರೆ ಆಗ್ಲಿ. ನೀವು ಅಕ್ಕಾರ್ಗೆ ಏನಾಗಬೇಕ್ರಿ?"

"ಗಂಡ ಕಣಮ್ಮ."

"ಅವರು ತರಕಾರಿ ಹೆಚ್ಚಿಕೊಟ್ಟು ಮಾಡಿಸಿದ್ದ ಮದುವಿ ಐತಲ್ಲ, ಆಕಿಗೆ ಗಂಡ ನೀವು. ಇಲ್ಲೆ ಏನೂ ಅಲ್ಲ. ಏಳ್ರಿ."

ಅಕ್ಕನ ದೊಡ್ಡ ತಮ್ಮ ಮುಂದೆ ಬಂದು, "ಶಾಸ್ತ್ರ ಕಣಮ್ಮ, ಈ ವೊತ್ತಲ್ಲಿ ಇದೆಲ್ಲ ಬ್ಯಾಡ" ಎಂದ. ಬೆಂಕಿ ಇಡಲು ಒಡಹುಟ್ಟಿದ ತಮ್ಮಂದಿರು ಇಬ್ಬರಿದ್ದೀರಿ, ಪಾಲು ಕೊಡುವಾಗ ಹಿಂಜರಿದಿರಿ, ಈಗಲಾದರೂ ಹಿಂಜರಿಯಬೇಡಿ ಎಂದೆ. ಅವನು ಹಿಂದೆ ಸರಿದ. ತಮ್ಮನ ಹೆಂಡತಿ ಎದ್ದು ಬಂದು ನನ್ನ ಪಕ್ಕ ನಿಂತಳು. ಅವಳ ಹಿಂದೆ ಇನ್ನೊಬ್ಬಳು ನಿಂತಳು. ಅಂಗಡಿಗೆ ಬಂದು ಹೆಸರು ಸುಡಿಸಿಕೊಂಡು ಹೋದ ಹುಡುಗಿಯರು ಅಲ್ಲಲ್ಲಿ ಕೂತಿದ್ದವರು ಒಬ್ಬೊಬ್ಬರಾಗಿ ಎದ್ದರು.

ಮುದುಕ ಮಾತ್ರ ಕುರ್ಚಿಯ ಕೈ ಹಿಡಿದುಕೊಂಡು ಕೂತೇ ಇದ್ದ. ನಾನು ಹಿಂದೆ ಹೋಗಿ ಕುರ್ಚಿಯ ಬೆನ್ನು ಹಿಡಿದು ಮುಂದಕ್ಕೆ ವಾಲಿಸಿದೆ. ಆಗ ಎದ್ದ. ಗೇಟಿನ ಹತ್ತಿರ ನೂರಾರು ಚಪ್ಪಲಿಗಳ ನಡುವೆ ತನ್ನದನ್ನು ಹುಡುಕಲು ಬಗ್ಗಿದ. ಹುಡುಕಲು ನಾನು ಬಿಡಲಿಲ್ಲ.